ವಿಷಯಾಂತರ ಅಲ್ಲ ಸ್ವಾಮಿ, ಅದೇ ವಿಷಯ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋರು ಬೈಯಿರಿ.

ಮೊನ್ನೆ ನಮ್ಮಕ್ಕನ ಮಗಳು ವಿಜಯನಗರದ ನಮ್ಮನೆಗೆ ಬಂದವಳು ಒಳಕ್ಕೂ ಬರದೆ ಮೆಟ್ಟಿಲ ಮೇಲೆ ಕೂತುಬಿಟ್ಳು. ಮುಖ ಊದಿಕೊಂಡಿತ್ತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದ್ತಿದ್ದಾಳೆ. ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಆ ಗೇಟು ದಾಟಿ ಓದೋಕೆ ಹೋದ ಮೊದಲನೆಯವಳು. ಅದಕ್ಕೂ ಮುಂಚೆ ನಮ್ಮ ಮನೆಯ ಹೆಂಗಸರು ಈ ಊರಿನ ದೊಡ್ಡ ದೊಡ್ಡ ಕಟ್ಟಡಗಳಿಗೆ ಹೋಗಿದ್ದು ತಲೆ ಮೇಲೆ ಗಾರೆ ಬಾಣಲೆ ಹೊತ್ಕೊಂಡು.

ಏನಾಯ್ತು ಅಂದೆ. ಊರಿನ ಒಂದು ಸಂಘದವರು ಭಾಷಣ ಸ್ಪರ್ಧೆ ಇಟ್ಟಿದ್ದರಂತೆ. ವಿಷಯ, ಮೈಸೂರು ವಿಶ್ವವಿದ್ಯಾನಿಲಯ ನಡೆದು ಬಂದ ದಾರಿ. ಇವಳು ಹದಿನೈದು ದಿನ ಲೈಬ್ರರಿಯಲ್ಲಿ ಕೂತು ತಯಾರಿ ಮಾಡಿದ್ದಳು. ನಾಲ್ವಡಿಯವರನ್ನ ಹೇಳಿದ್ಳು, ವಿಶ್ವೇಶ್ವರಯ್ಯನವರನ್ನ ಹೇಳಿದ್ಳು, ಕುವೆಂಪು ಅವರನ್ನ ಹೇಳಿದ್ಳು. ಕೊನೆಗೆ, "ಈ ದಾರಿಯಲ್ಲಿ ನಮ್ಮೋರು ಯಾವಾಗ ಬಂದು ಸೇರಿಕೊಂಡರು, ಅಲ್ಲೀವರೆಗೆ ಎಲ್ಲಿದ್ದರು" ಅಂತ ಎರಡು ನಿಮಿಷ ಮಾತಾಡಿದ್ಳು. ಅಷ್ಟೇ. ತೀರ್ಪುಗಾರರೊಬ್ಬರು ವೇದಿಕೆ ಮೇಲೇ ಹೇಳಿದರಂತೆ, "ಚೆನ್ನಾಗಿ ಮಾತಾಡ್ತೀಯಮ್ಮ, ಕೊನೇಲಿ ವಿಷಯಾಂತರ ಆಯ್ತು. ಜಾತಿ ತರಬಾರದಿತ್ತು" ಅಂತ.

ಬಹುಮಾನ ಹೋದದ್ದಕ್ಕೆ ಅವಳಿಗೆ ಬೇಜಾರಿಲ್ಲ. "ಮಾಮ, ನಾವು ಹೆಂಗೆ ವಿಷಯಾಂತರ ಆಯ್ತೀವಿ?" ಅಂದಳು.

ಆ ಪ್ರಶ್ನೆಗೆ ಅವತ್ತು ಮೆಟ್ಟಿಲ ಮೇಲೆ ಕೂತು ನಾನು ಕೊಟ್ಟ ಉತ್ತರ ಸಣ್ಣದು. ಪೂರ್ತಿ ಉತ್ತರ ಇಲ್ಲಿ ಬರೀತಿದ್ದೀನಿ.

ಮೊದಲು 1916ನೇ ಇಸವಿ ನೋಡಿ. ಆ ವರ್ಷ ಮೇ 9ಕ್ಕೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಒಬ್ಬ ಹುಡುಗ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದುತ್ತಾನೆ. ಜಾತಿ ಹೆಂಗೆ ಹುಟ್ತು, ಹೆಂಗೆ ಹಬ್ಬಿತು, ಹೆಣ್ಣನ್ನ ಕಟ್ಟಿಹಾಕಿ ಹೆಂಗೆ ಉಳಿಸ್ಕೊಂಡ್ರು ಅಂತ ಬಿಡಿಸಿಟ್ಟ ಪ್ರಬಂಧ. ಆ ಹುಡುಗ ನಮ್ಮ ಬಾಬಾಸಾಹೇಬರು. ಅದಾದ ಎರಡೂವರೆ ತಿಂಗಳಿಗೆ, ಜುಲೈ 27ಕ್ಕೆ, ಇಲ್ಲಿ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಶುರುವಾಗುತ್ತೆ. ದೇಶೀಯ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾನಿಲಯ. ಮದರಾಸಿನ ಮುಲಾಜಿಲ್ಲದೆ ನಮ್ಮ ಕಾಲೇಜುಗಳಿಗೆ ನಾವೇ ಪದವಿ ಕೊಡ್ತೀವಿ ಅಂತ ಎದ್ದು ನಿಂತದ್ದು ಸಣ್ಣ ಮಾತಲ್ಲ. ಅದಕ್ಕೆ ಯಾವತ್ತೂ ತಲೆಬಾಗ್ತೀನಿ.

ಆದ್ರೆ ಎರಡೂ ತಾರೀಕನ್ನ ಅಕ್ಕಪಕ್ಕ ಇಟ್ಟು ನೋಡಿ. ಜಗತ್ತಿಗೆ ಜಾತಿಯ ಒಳಗುಟ್ಟು ಹೇಳಿಕೊಡೋ ವಿದ್ವಾಂಸ ನಮ್ಮವರಲ್ಲೇ ಹುಟ್ಟಿದ್ದ. ಅದೇ ಹೊತ್ತಿನಲ್ಲಿ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ನಮ್ಮ ಮಕ್ಕಳನ್ನ ಊರ ಶಾಲೆಯ ಒಳಗೆ ಕೂರಿಸಬೇಕೋ ಬೇಡವೋ ಅಂತ ಜಗಳ ನಡೀತಿತ್ತು. ಸರ್ಕಾರ ಸೇರಿಸಿ ಅಂದರೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನೇ ಶಾಲೆ ಬಿಡಿಸ್ತಿದ್ದರು. ನಮಗೆ ಅಂತ 'ಪಂಚಮ ಶಾಲೆ' ಬೇರೆ ಇತ್ತು. ಒಂದನೇ ಕ್ಲಾಸಿನ ಬಾಗಿಲೇ ತೆರೆಯದೆ ಇದ್ದಾಗ ಬಿ.ಎ. ಕ್ಲಾಸಿನ ಬಾಗಿಲು ತೆರೆದಿಟ್ಟು ಏನು ಬಂತು?

ಇನ್ನೊಂದು ಮಾತು. ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿ ಎಚ್.ವಿ. ನಂಜುಂಡಯ್ಯನವರು ದೊಡ್ಡ ವಿದ್ವಾಂಸರು, ದಕ್ಷ ಆಡಳಿತಗಾರರು. ಅದಕ್ಕೂ ಮುಂಚೆ ಮೈಸೂರು ಸಂಸ್ಥಾನದ ಜನಾಂಗೀಯ ಸಮೀಕ್ಷೆ ನಡೆಸಿದವರೂ ಅವರೇ. ಯಾವ ಜಾತಿಯವರು ಏನುಣ್ತಾರೆ, ಮದುವೆ ಹೆಂಗೆ ಮಾಡ್ತಾರೆ, ಸತ್ತರೆ ಎಲ್ಲಿ ಹೂಳ್ತಾರೆ ಅಂತ ಬರೆದಿಟ್ಟ ಸಮೀಕ್ಷೆ. ಹೊಲೆಯರು, ಮಾದಿಗರು ಎಲ್ಲರೂ ಅದರಲ್ಲಿದ್ದೀವಿ. ಅಂದ್ರೆ ವಿಶ್ವವಿದ್ಯಾನಿಲಯದ ಒಳಕ್ಕೆ ವಿದ್ಯಾರ್ಥಿಗಳಾಗಿ ಹೋಗೋಕೆ ಮೊದಲೇ ನಾವು ಪುಸ್ತಕದೊಳಗೆ ಅಧ್ಯಾಯವಾಗಿ ಹೋಗಿದ್ವಿ. ಅವರ ಕೈಲಿ ಪೆನ್ನು, ನಮ್ಮ ಕೈಲಿ ತಮಟೆ.

ಅತ್ತ ಬಾಬಾಸಾಹೇಬರು 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬರೋಡಕ್ಕೆ ಬರ್ತಾರೆ. ಅದೂ 'ಪ್ರಗತಿಪರ' ಸಂಸ್ಥಾನವೇ. ಅವರನ್ನ ಓದಿಸಿದ್ದು ಆ ಮಹಾರಾಜರೇ. ಆದರೂ ಆ ಊರಲ್ಲಿ ಇರೋಕೆ ಒಂದು ರೂಮು ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಅವರನ್ನ ಓಡಿಸಿದ ಕತೆ ನಮಗೆಲ್ಲ ಗೊತ್ತು. ರಾಜ ಒಳ್ಳೆಯವನಾದ ಮಾತ್ರಕ್ಕೆ ಊರು ಒಳ್ಳೇದಾಗಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಅದು ನೂರು ವರ್ಷದ ಹಿಂದಿನ ಮಾತು ಅಂತೀರಾ? ನಾನು ಈ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬರು ಓನರು ಕಾಫಿ ಕೊಟ್ಟು ಕೂರಿಸಿ ಕೇಳಿದ್ದರು. "ಯಾವ ಕಡೆಯವರು ನೀವು?" ಚಾಮರಾಜನಗರದ ಕಡೆ ಸಾರ್ ಅಂದೆ. "ಅದಲ್ಲ, ಯಾವ ಜನ?" ಅಂದರು. ಹೇಳಿದೆ. ಮಾರನೆ ದಿನ ಫೋನು ಬಂತು, ಊರಿಂದ ಅವರ ತಮ್ಮ ಬರ್ತಿದ್ದಾನಂತೆ, ಮನೆ ಅವನಿಗೆ ಬೇಕಂತೆ. ಆ ಮನೆ ಮುಂದೆ ಟು-ಲೆಟ್ ಬೋರ್ಡು ಮೂರು ತಿಂಗಳು ನೇತಾಡ್ತಿತ್ತು. ತಮ್ಮ ಬರಲೇ ಇಲ್ಲ.

ಈಗ ಸ್ವಲ್ಪ ಯುರೋಪಿಗೆ ಹೋಗಿಬರೋಣ. ಯಾಕಂದ್ರೆ ನಮ್ಮಲ್ಲಿ 'ವಿಶ್ವವಿದ್ಯಾಲಯ' ಅಂದ ಕೂಡಲೇ ಕೆಲವರು ನಳಂದಾ ಅಂತಾರೆ, ಕೆಲವರು ಆಕ್ಸ್‌ಫರ್ಡ್ ಅಂತಾರೆ. ಎರಡೂ ಜ್ಞಾನದ ದೇವಸ್ಥಾನ ಅನ್ನೋ ಹಾಗೆ. ದೇವಸ್ಥಾನ ಅನ್ನೋದು ಸರಿಯಾದ ಮಾತೇ. ಅಲ್ಲೂ ಗರ್ಭಗುಡಿ ಇತ್ತು, ಹೊರಗೆ ನಿಂತೋರೂ ಇದ್ದರು. ಆಕ್ಸ್‌ಫರ್ಡಿನಲ್ಲಿ 1854ರವರೆಗೆ ಇಂಗ್ಲೆಂಡಿನ ರಾಜಮತಕ್ಕೆ ಒಪ್ಪಿಗೆ ಸಹಿ ಹಾಕದೆ ಸೇರೋ ಹಾಗೇ ಇರಲಿಲ್ಲ. ಕ್ಯಾಥೊಲಿಕರು, ಯಹೂದಿಗಳು ಹೊರಗೆ. ಆ ಅಡ್ಡಿಯ ಬಹುಪಾಲು ತೆಗೆದುಹಾಕೋಕೆ 1871ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಬೇಕಾಯ್ತು. ಹೆಣ್ಣುಮಕ್ಕಳಿಗೆ ಆಕ್ಸ್‌ಫರ್ಡ್ ಪದವಿ ಕೊಟ್ಟಿದ್ದು 1920ರಲ್ಲಿ. ಕೇಂಬ್ರಿಡ್ಜ್ ಪೂರ್ತಿ ಒಪ್ಪಿಕೊಂಡಿದ್ದು 1948ರಲ್ಲಿ, ಅಂದ್ರೆ ನಮಗೆ ಸ್ವಾತಂತ್ರ್ಯ ಬಂದ ಮೇಲೆ. 1897ರಲ್ಲಿ ಈ ವಿಷಯ ಮತಕ್ಕೆ ಬಂದಾಗ ಕೇಂಬ್ರಿಡ್ಜಿನ ಗಂಡುಹುಡುಗರು ಸೈಕಲ್ ಮೇಲೆ ಕೂತ ಹೆಂಗಸಿನ ಬೊಂಬೆ ಮಾಡಿ ಬೀದಿಯಲ್ಲಿ ನೇತುಹಾಕಿದ್ದರು. ಸೋತ ಹೆಂಗಸರ ಮುಂದೆ ಹಬ್ಬ ಮಾಡಿದ್ದರು.

ಬಾಗಿಲು ಕಾಯೋರು ಜಗತ್ತಿನ ಎಲ್ಲ ಕಡೆ ಒಂದೇ ಭಾಷೆ ಆಡ್ತಾರೆ ಅಂತ ತೋರಿಸೋಕೆ ಇದನ್ನ ಹೇಳಿದೆ. ಅಲ್ಲಿ ಧರ್ಮ, ಲಿಂಗ, ಇಲ್ಲಿ ಜಾತಿ. ಮಾತು ಮಾತ್ರ ಒಂದೇ: "ಇವರು ಬಂದರೆ ಗುಣಮಟ್ಟ ಹಾಳಾಗುತ್ತೆ."

ಆದರೆ ಯುರೋಪಿನಿಂದ ಕಲಿಯೋಕೂ ಒಂದು ಪಾಠ ಇದೆ. ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಅಂತಿದೆ. 1451ರಲ್ಲಿ ಶುರುವಾದದ್ದು. ಆರು ಶತಮಾನದ ಹತ್ತಿರ ಬಂತು. ಆ ವಿಶ್ವವಿದ್ಯಾಲಯಕ್ಕೆ ಒಂದು ಹೆಮ್ಮೆ ಇತ್ತು: ಗುಲಾಮರ ವ್ಯಾಪಾರ ನಿಲ್ಲಿಸಿ ಅಂತ 1792ರಲ್ಲೇ ಪಾರ್ಲಿಮೆಂಟಿಗೆ ಅರ್ಜಿ ಹಾಕಿದೋರು ನಾವು ಅಂತ. ಇನ್ನೊಂದು ಹೆಮ್ಮೆ ಜೇಮ್ಸ್ ಮೆಕ್ಯೂನ್ ಸ್ಮಿತ್. ನ್ಯೂಯಾರ್ಕಿನಲ್ಲಿ ಗುಲಾಮ ತಾಯಿಯ ಹೊಟ್ಟೇಲಿ ಹುಟ್ಟಿದ ಕಪ್ಪು ಹುಡುಗ. ಬಣ್ಣದ ಕಾರಣಕ್ಕೆ ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಅವನಿಗೆ ಬಾಗಿಲು ಮುಚ್ಚಿದ ಕಾಲೇಜುಗಳಲ್ಲಿ ಕೊಲಂಬಿಯಾ ಕೂಡ ಒಂದು. ಹೌದು, ಮುಂದೆ ನಮ್ಮ ಬಾಬಾಸಾಹೇಬರನ್ನ ಓದಿಸಿದ ಅದೇ ಕೊಲಂಬಿಯಾ! ಆ ಹುಡುಗ ಹಡಗು ಹತ್ತಿ ಗ್ಲಾಸ್ಗೋಗೆ ಹೋಗಿ 1837ರಲ್ಲಿ ಎಂ.ಡಿ. ಮಾಡಿದ. ವೈದ್ಯಕೀಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವನೇ.

ಇಷ್ಟೆಲ್ಲ ಒಳ್ಳೆ ಹೆಸರಿದ್ದ ವಿಶ್ವವಿದ್ಯಾಲಯ ಸುಮ್ಮನೆ ಇರಬಹುದಿತ್ತಲ್ಲ? ಇರಲಿಲ್ಲ. ತನ್ನದೇ ಹಳೇ ಲೆಕ್ಕಪುಸ್ತಕ ತೆಗೀರಿ ಅಂತು. ತನಗೆ ದಾನ ಕೊಟ್ಟೋರು ಯಾರು, ಆ ದಾನಿಗಳ ದುಡ್ಡು ಎಲ್ಲಿಂದ ಬಂತು ಅಂತ ಹುಡುಕಿಸಿತು. ಸಕ್ಕರೆ, ತಂಬಾಕು, ಹತ್ತಿ. ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಸತ್ತು ದುಡಿದ ದುಡ್ಡು. 2018ರಲ್ಲಿ ವರದಿ ಹೊರಗೆ ಬಂತು. ಇವತ್ತಿನ ಬೆಲೆಗೆ ಲೆಕ್ಕ ಹಾಕಿದರೆ ಕಮ್ಮಿ ಅಂದ್ರೂ ಒಂದೂವರೆ ಕೋಟಿ ಪೌಂಡಿಗೆ ಮೇಲೆ, ಹೆಚ್ಚು ಅಂದ್ರೆ ಇಪ್ಪತ್ತು ಕೋಟಿ ಪೌಂಡಿನ ಹತ್ತಿರ ತನಗೆ ಲಾಭ ಆಗಿದೆ ಅಂತ ವಿಶ್ವವಿದ್ಯಾಲಯ ತಾನೇ ಒಪ್ಪಿಕೊಂಡಿತು. 2019ರಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು 20 ವರ್ಷದಲ್ಲಿ ಎರಡು ಕೋಟಿ ಪೌಂಡಿನಷ್ಟನ್ನ ಜಂಟಿ ಸಂಶೋಧನೆಗೆ ಹೊಂದಿಸ್ತೀನಿ ಅಂತು. 2021ರಲ್ಲಿ ತೆರೆದ ಹೊಸ ಕಲಿಕಾ ಕಟ್ಟಡಕ್ಕೆ ಮೆಕ್ಯೂನ್ ಸ್ಮಿತ್ ಹೆಸರಿಟ್ಟಿತು.

ಇದು ಪೂರ್ತಿ ನ್ಯಾಯ ಅಂತ ನಾನು ಹೇಳಲ್ಲ. ಸತ್ತೋರು ಎದ್ದು ಬರಲ್ಲ, ತೋಟದಲ್ಲಿ ದುಡಿದವರ ಮೊಮ್ಮಕ್ಕಳ ಕೈಗೆ ಆ ದುಡ್ಡು ನೇರ ಹೋಗಿದ್ದೂ ಇಲ್ಲ. ಆದ್ರೆ ಒಂದು ಕೆಲಸ ಆಯ್ತು. ಗುಲಾಮಗಿರಿ ಅನ್ನೋದು ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ 'ವಿಷಯಾಂತರ' ಆಗಿ ಉಳಿಯಲಿಲ್ಲ. ವಿಷಯವೇ ಆಯ್ತು.

ಈಗ ನಮ್ಮ ಮೈಸೂರಿಗೆ ಬನ್ನಿ. ನಮ್ಮ ವಿಶ್ವವಿದ್ಯಾನಿಲಯ ಕಟ್ಟಿದ ದುಡ್ಡು ಯಾರದ್ದು? "ಮಹಾರಾಜರದ್ದು" ಅಂತೀವಿ. ಮಹಾರಾಜರ ಖಜಾನೆ ತುಂಬಿದ್ದು ಹೆಂಗೆ? ಕಂದಾಯದಿಂದ. ಕಂದಾಯ ಕಟ್ಟಿದ ಗದ್ದೆಯಲ್ಲಿ ನಾಟಿ ಹಾಕಿದ್ದು, ಕಳೆ ಕಿತ್ತದ್ದು, ಕಣ ಮಾಡಿದ್ದು ಯಾರು? ಹೊಲದ ಪಹಣಿಯಲ್ಲಿ ಹೆಸರಿಲ್ಲದೋರು, ಜೀತಕ್ಕಿದ್ದೋರು. ಕಂದಾಯದ ದುಡ್ಡು ಊರಿಂದ ತಾಲೂಕು ಕಚೇರಿಗೆ ಹೋಗುವಾಗ ಕಾವಲು ನಡೆದದ್ದು ಯಾರು? ತೋಟಿ, ತಳವಾರ, ಕುಳವಾಡಿ. ನಮ್ಮಜ್ಜಂದಿರೇ.

ಇನ್ನು ಕೋಲಾರದ ಚಿನ್ನ. ಇದನ್ನ ನಾವು ಯಾಕೋ ಮೈಸೂರು ವಿಶ್ವವಿದ್ಯಾನಿಲಯದ ಜೊತೆ ಸೇರಿಸಿ ಮಾತಾಡೋದೇ ಇಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ನಡೆಸಿತು. ಚಿನ್ನ ಲಂಡನ್ನಿಗೆ ಹೋಯ್ತು, ಅದರ ರಾಜಧನ ಮೈಸೂರು ಖಜಾನೆಗೆ ಬಂತು. ಸಂಸ್ಥಾನದ ಮುಖ್ಯ ಆದಾಯಗಳಲ್ಲಿ ಅದೂ ಒಂದು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಯಾವ ಊರಿಗೂ ಅಲ್ಲ, ಆ ಗಣಿಗೆ. ಮೂರು ಕಿಲೋಮೀಟರಿಗೂ ಆಳದ ಆ ಬಿಸಿ ಸುರಂಗದಲ್ಲಿ ಬಂಡೆ ಒಡೆದೋರು ಯಾರು? ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಊರು ಬಿಟ್ಟು ಬಂದ ತಮಿಳು, ತೆಲುಗು ದಲಿತರು. ಬಂಡೆ ಸಿಡಿದು ಸತ್ತರು, ಧೂಳು ಕುಡಿದು ಪುಪ್ಪುಸ ಕಲ್ಲಾಗಿ ಸತ್ತರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ಜಾವದ ರೈಲಲ್ಲಿ ಬೆಂಗಳೂರಿಗೆ ಕೂಲಿಗೆ ಬರ್ತಿದ್ದಾರೆ.

ಗ್ಲಾಸ್ಗೋಗೆ ಸಕ್ಕರೆ ಹೆಂಗೋ ಮೈಸೂರಿಗೆ ಚಿನ್ನ ಹಂಗೆ. ಆ ಖಜಾನೆಯಿಂದಲೇ ಅರಮನೆ ನಡೀತು, ಕಚೇರಿ ನಡೀತು, ಕಾಲೇಜೂ ನಡೀತು. ಈ ಲೆಕ್ಕವನ್ನ ಯಾರಾದ್ರೂ ಕೂತು ಹಾಕಬೇಡವೇ? ಹಾಕಬೇಕಾದ್ದು ಬೀದಿಯಲ್ಲಿ ನಿಂತ ನಾನಲ್ಲ. ಇತಿಹಾಸ ವಿಭಾಗ, ಅರ್ಥಶಾಸ್ತ್ರ ವಿಭಾಗ ಇಟ್ಕೊಂಡಿರೋ ವಿಶ್ವವಿದ್ಯಾನಿಲಯ. ಅರ್ಥಶಾಸ್ತ್ರ ಅಂದಾಗ ನೆನಪಾಯ್ತು. ಕೌಟಿಲ್ಯನ ತಾಳೆಗರಿ 1905ರಲ್ಲಿ ಸಿಕ್ಕಿದ್ದು ಇದೇ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಎರಡು ಸಾವಿರ ವರ್ಷದ ಹಿಂದಿನ ರಾಜ ಯಾರ ಹತ್ರ ಎಷ್ಟು ತೆರಿಗೆ ತಗೋಬೇಕು ಅಂತ ಬರೆದದ್ದನ್ನ ಹುಡುಕಿ ತೆಗೆದ ಊರಿಗೆ, ನೂರು ವರ್ಷದ ಹಿಂದಿನ ತನ್ನ ಲೆಕ್ಕ ತೆಗೆಯೋದು ಕಷ್ಟವಾ?

ಮಿಲ್ಲರ್ ಸಮಿತಿಯ ಕತೆ ನಮ್ಮ ವಲಯದಲ್ಲಿ ಎಲ್ಲರಿಗೂ ಬಾಯಿಪಾಠ. ಆದ್ರೂ ಒಂದು ಮಾತು ಸೇರಿಸ್ತೀನಿ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದ ಮರುವರ್ಷ, 1917ರಲ್ಲಿ, ಪ್ರಜಾಮಿತ್ರ ಮಂಡಳಿ ಹುಟ್ತು. ವಿಶ್ವವಿದ್ಯಾನಿಲಯ ಹೇಗಿರಬೇಕು ಅಂತ ಅಮೆರಿಕ, ಆಸ್ಟ್ರೇಲಿಯಾಗಳ ಶಿಕ್ಷಣದ ಬಗ್ಗೆ ವರದಿ ಕೊಟ್ಟಿದ್ದ ಇಬ್ಬರಲ್ಲಿ ಸಿ.ಆರ್. ರೆಡ್ಡಿ ಒಬ್ಬರು. ಮಂಡಳಿಯ ಹಿಂದೆ ನಿಂತವರಲ್ಲೂ ಅವರೇ ಒಬ್ಬರು. ಬಾಗಿಲು ಕಟ್ಟೋಕೆ ಸಲಹೆ ಕೊಟ್ಟವರಿಗೇ ಆ ಬಾಗಿಲಲ್ಲಿ ಯಾರು ಒಳಗೆ ಬರ್ತಿದ್ದಾರೆ ಅಂತ ಕಣ್ಣಿಗೆ ಕಂಡಿತ್ತು. ಬ್ರಾಹ್ಮಣೇತರರು ಮಹಾರಾಜರ ಹತ್ತಿರ ಹೋದರು, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ಆಯ್ತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಹೋಗಬೇಕು ಅಂತ ಅದು ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರು ಇದನ್ನ ಒಪ್ಪಲಿಲ್ಲ, ದಕ್ಷತೆ ಹಾಳಾಗುತ್ತೆ ಅಂದರು, ಅದೇ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ನಾಲ್ವಡಿಯವರು ಹಿಂದೆ ಸರಿಯಲಿಲ್ಲ. 1921ರಲ್ಲಿ ಆದೇಶ ಹೊರಟಿತು.

ನಮ್ಮಜ್ಜಿ ಮನೆಯ ಗೋಡೆ ಮೇಲೆ ನಾಲ್ವಡಿ ಫೋಟೋ ಬಾಬಾಸಾಹೇಬರ ಪಕ್ಕದಲ್ಲೇ ಇತ್ತು. ಇವತ್ತೂ ಇದೆ. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಲೆಕ್ಕ ಕೇಳಬಾರದು ಅಂತೇನಿಲ್ಲ. ಮಿಲ್ಲರ್ ಲೆಕ್ಕದಲ್ಲಿ 'ಹಿಂದುಳಿದವರು' ಅಂದ್ರೆ ಬ್ರಾಹ್ಮಣೇತರರು ಹೆಚ್ಚುಕಮ್ಮಿ ಎಲ್ಲರೂ. ಒಂದೇ ದೊಡ್ಡ ಚಪ್ಪರ. ಹೊಲ ಇದ್ದೋರು, ಅಂಗಡಿ ಇದ್ದೋರು, ಮಠ ಇದ್ದೋರು ಚಪ್ಪರದ ನಡುವೆ. ನಾವು ಬಾಗಿಲ ಹತ್ತಿರ, ಎಂಜಲೆಲೆ ಬೀಳೋ ಕಡೆ. ಹುದ್ದೆ ಬೇಕು ಅಂದ್ರೆ ಓದಿರಬೇಕು, ಓದಿರಬೇಕು ಅಂದ್ರೆ ಶಾಲೆಯೊಳಗೆ ಕೂತಿರಬೇಕು. ನಮ್ಮ ಪಾಲಿನ ಅನ್ನ ಎಲೆಗೆ ಬರೋಕೆ ಇನ್ನೆರಡು ತಲೆಮಾರು ಹಿಡೀತು. ಇದನ್ನ ಹೇಳಿದರೆ ಹಿಂದುಳಿದ ವರ್ಗದ ಗೆಳೆಯರು ಬೇಜಾರು ಮಾಡ್ಕೋತಾರೆ. ಮಾಡ್ಕೊಳ್ಳಿ, ಆಮೇಲೆ ಒಟ್ಟಿಗೆ ಕೂತು ಮಾತಾಡೋಣ.

1956ರಲ್ಲಿ ಕುವೆಂಪು ಉಪಕುಲಪತಿಯಾದರು. ಶಂಬೂಕನ ಕತೆಯನ್ನ ನಮ್ಮ ಕಡೆಯಿಂದ ನೋಡಿ 'ಶೂದ್ರ ತಪಸ್ವಿ' ಬರೆದ ಕವಿ ವಿಶ್ವವಿದ್ಯಾನಿಲಯದ ಕುರ್ಚಿಯಲ್ಲಿ ಕೂತದ್ದು ಸಣ್ಣ ಸಂಗತಿಯಲ್ಲ. ಕುಕ್ಕರಹಳ್ಳಿ ಕೆರೆಯ ಪಕ್ಕದ ಬಯಲಿಗೆ 'ಮಾನಸಗಂಗೋತ್ರಿ' ಅಂತ ಹೆಸರಿಟ್ಟರು. ಕನ್ನಡದಲ್ಲೇ ಉನ್ನತ ಶಿಕ್ಷಣ ಕೊಡಬೇಕು ಅಂತ ಹಟ ಹಿಡಿದರು. ಹಳ್ಳಿ ಹೈಕಳು ಇಂಗ್ಲಿಷಿಗೆ ಹೆದರಿ ವಾಪಸ್ ಹೋಗಬಾರದು ಅಂತ. ನಮ್ಮ ಎಷ್ಟೋ ಜನ ಅಣ್ಣಂದಿರು ಆ ಬಾಗಿಲಲ್ಲೇ ಒಳಗೆ ಬಂದಿದ್ದು.

ಒಳಗೆ ಬಂದಮೇಲೆ ಏನಾಯ್ತು? 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಊರೆಲ್ಲ ಹೊತ್ತಿಕೊಳ್ತು. ಸಾಹಿತ್ಯ ಪ್ರೀತಿಸೋರು ಚರ್ಚೆ ಮಾಡಬೇಕಿತ್ತು. ಆಗಿದ್ದೇನು? ದಲಿತ ಹುಡುಗರಿಗೆ ಹೊಡೆದರು, ಹಾಸ್ಟೆಲಿಗೆ ಕಲ್ಲು ತೂರಿದರು. ಕುವೆಂಪು ಬಸವಲಿಂಗಪ್ಪನವರ ಮಾತಿನ ಪರ ನಿಂತರು. ಆದರೂ ಸಚಿವರು ರಾಜೀನಾಮೆ ಕೊಡಬೇಕಾಯ್ತು. ಆ ಏಟು ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಂಗಾಗಿ ನಮ್ಮ ಚಳವಳಿಯ ಒಂದು ಬೇರು ಹಾಸ್ಟೆಲಿನ ರೂಮುಗಳಲ್ಲಿದೆ. ವಿಶ್ವವಿದ್ಯಾನಿಲಯ ನಮಗೆ ಏನು ಕೊಟ್ಟಿತು ಅಂತ ಕೇಳೋರು, ನಾವು ಅದಕ್ಕೆ ಏನು ಕೊಟ್ವಿ ಅಂತಾನೂ ಕೇಳಲಿ. ದೇವನೂರ ಮಹಾದೇವ ಇಲ್ಲಿ ಓದಿದ ಹುಡುಗ. ಅವರು ಬರೆದ ಮೇಲೆ ಕನ್ನಡವೇ ಬದಲಾಯ್ತು.

ಈಗ ನನ್ನ ಮನೆಯ ಕತೆ. ನಮ್ಮ ಅಪ್ಪನ ಅಪ್ಪ ಮಂಟೇಸ್ವಾಮಿ ಒಕ್ಕಲು, ನೀಲಗಾರ. ಚಿಕ್ಕಲ್ಲೂರು ಜಾತ್ರೆಗೆ ತಂಬೂರಿ ಹೊತ್ತು ಹೋಗ್ತಿದ್ದ. ಓದು ಬರಹ ಬರದು, ಆದ್ರೆ ರಾತ್ರಿ ಇಡೀ ಹಾಡಿದರೂ ಮುಗೀದಷ್ಟು ಕತೆ ಎದೆಯಲ್ಲಿತ್ತು. ನಾನು ಹುಟ್ಟೋಕೂ ಮುಂಚೆ ಪಟ್ಟಣದಿಂದ ಒಬ್ಬರು ಮೇಷ್ಟ್ರು ಟೇಪ್ ರೆಕಾರ್ಡರ್ ತಗೊಂಡು ನಮ್ಮ ಹೊಲಗೇರಿಗೆ ಬಂದಿದ್ದರಂತೆ. ಎರಡು ರಾತ್ರಿ ಅಜ್ಜ ಹಾಡಿದ್ದಾನೆ. ಬೀಡಿ, ಕಾಫಿ, ಇಪ್ಪತ್ತು ರೂಪಾಯಿ ಕೊಟ್ಟರಂತೆ. ಅವರು ಯಾವ ಊರೋರು, ಯಾವ ಕಾಲೇಜೋರು ಅಂತ ನಮ್ಮನೇಲಿ ಯಾರೂ ಕೇಳಿಟ್ಕೊಳ್ಳಲಿಲ್ಲ. ಕೇಳಬಹುದು ಅಂತಾನೇ ಗೊತ್ತಿರಲಿಲ್ಲ. ಅಜ್ಜನ ದನಿ ಎಲ್ಲೋ ಒಂದು ಕಪಾಟಿನಲ್ಲಿದೆ. ಅಜ್ಜನ ಫೋಟೋ ಕೂಡ ನಮ್ಮ ಹತ್ರ ಇಲ್ಲ.

ಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ. ರಾಜಕುಮಾರಿಗೆ ಅಂತ 1905ರಲ್ಲಿ ಕಟ್ಟಿದ ಅರಮನೆ. 1960ರ ದಶಕದ ಕೊನೆಗೆ ಅದರೊಳಕ್ಕೆ ನಮ್ಮ ಜನಪದರ ವಸ್ತುಗಳು ಬಂದವು. ಕಟ್ಟಿದವರ ಶ್ರಮ ದೊಡ್ಡದು, ಅವರು ಕೂಡಿಡದೆ ಇದ್ದಿದ್ದರೆ ಎಷ್ಟೋ ಹಾಳಾಗಿಹೋಗ್ತಿತ್ತು. ಒಪ್ತೀನಿ. ಆದ್ರೆ ಅಲ್ಲಿ ನಿಂತಾಗೆಲ್ಲ ನನಗನ್ಸೋದು ಒಂದೇ. ನಮ್ಮ ತಂಬೂರಿ ಅರಮನೆ ಒಳಗೆ ಹೋದಷ್ಟು ಸಲೀಸಾಗಿ ನಮ್ಮ ಮಕ್ಕಳು ಕ್ಲಾಸ್‌ರೂಮಿನ ಒಳಗೆ ಹೋಗಲಿಲ್ಲವಲ್ಲ. ಹಾಡಿನ ಮೇಲೆ ಪಿಎಚ್‌ಡಿ ಆದವು, ಬಡ್ತಿ ಆದವು. ಹಾಡಿದೋರು 'ವಕ್ತೃ' ಆಗಿ ಅಡಿಟಿಪ್ಪಣಿಯಲ್ಲಿ ಉಳಿದರು, ಅದೂ ಇದ್ದರೆ.

ಇನ್ನೊಂದು ನೆನಪು ಹೇಳಿ ನನ್ನ ಬೇಡಿಕೆಗೆ ಬರ್ತೀನಿ. 2016ರ ಜನವರಿ 3ರಿಂದ 7ರವರೆಗೆ ಮಾನಸಗಂಗೋತ್ರಿಯಲ್ಲಿ 103ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೀತು. ವಿಶ್ವವಿದ್ಯಾನಿಲಯಕ್ಕೆ ನೂರು ತುಂಬೋ ವರ್ಷ. ಪ್ರಧಾನಿ ಬಂದರು, ಊರೆಲ್ಲ ಸಂಭ್ರಮ. ವಿಜಯನಗರದ ಕಡೆ ರಸ್ತೆಗೂ ಹೊಸ ಟಾರು ಬಂದಿತ್ತು. ಅದಾದ ಹತ್ತೇ ದಿನಕ್ಕೆ, ಜನವರಿ 17ಕ್ಕೆ, ಹೈದರಾಬಾದ್ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮಿನಲ್ಲಿ ರೋಹಿತ್ ವೇಮುಲ ಹೋಗಿಬಿಟ್ಟ. ಹಾಸ್ಟೆಲಿನಿಂದ ಹೊರಹಾಕಿದ್ದರು, ಶಿಷ್ಯವೇತನ ನಿಂತಿತ್ತು. ವಿಜ್ಞಾನದ ಬರಹಗಾರ ಆಗಬೇಕು ಅಂತ ಕನಸು ಕಂಡಿದ್ದ ಹುಡುಗ. ವಿಜ್ಞಾನದ ಜಾತ್ರೆಯ ಚಪ್ಪರ ಪೂರ್ತಿ ಬಿಚ್ಚಿರಲಿಲ್ಲ, ನಾವು ಪುರಭವನದ ಮುಂದೆ ಮೇಣದಬತ್ತಿ ಹಿಡಿದು ನಿಂತಿದ್ವಿ. ಒಂದು ವಿಶ್ವವಿದ್ಯಾಲಯದ ಚರಿತ್ರೆ ಅಂದ್ರೆ ಅಲ್ಲಿಗೆ ಬಂದುಹೋದ ಗಣ್ಯರ ಪಟ್ಟಿಯಾ, ಇಲ್ಲಾ ಅಲ್ಲಿ ಉಳಿಯೋಕಾಗದೆ ಹೋದವರ ಪಟ್ಟಿಯಾ? ಎರಡೂ ಸೇರಿದರೆ ಮಾತ್ರ ಚರಿತ್ರೆ. ಒಂದನ್ನೇ ಹೇಳಿದರೆ ಅದು ಆಹ್ವಾನ ಪತ್ರಿಕೆ.

ನನ್ನ ಬೇಡಿಕೆ ಸರಳ. ಪ್ರತಿಮೆ ಕೇಳ್ತಿಲ್ಲ, ಮರುನಾಮಕರಣ ಕೇಳ್ತಿಲ್ಲ. ಗ್ಲಾಸ್ಗೋ ಮಾಡಿದ ಹಂಗೆ ಮೈಸೂರು ವಿಶ್ವವಿದ್ಯಾನಿಲಯ ತನ್ನ ಲೆಕ್ಕ ತಾನೇ ಬರೀಲಿ.

ಒಂದು, 1916ರಿಂದ ದಾಖಲಾತಿ ಪುಸ್ತಕ ತೆಗೆದು ದಶಕವಾರು ಪಟ್ಟಿ ಮಾಡಲಿ. ಪಂಚಮ, ಆದಿಕರ್ನಾಟಕ, ಆದಿದ್ರಾವಿಡ, ಆಮೇಲೆ ಪರಿಶಿಷ್ಟ. ಹೆಸರು ಬದಲಾದಂಗೆ ಎಷ್ಟು ಜನ ಸೇರಿದರು, ಎಷ್ಟು ಜನ ನಡುವೆ ಬಿಟ್ಟರು, ಯಾಕೆ ಬಿಟ್ಟರು. ಎಡಗೈ, ಬಲಗೈ, ಅಲೆಮಾರಿ ಅಂತ ಬಿಡಿಸಿ ಹೇಳಲಿ. ಒಟ್ಟು ಸಂಖ್ಯೆ ಹೇಳಿ ಒಳಗಿನ ಅನ್ಯಾಯ ಮುಚ್ಚೋದು ಬೇಡ, ಅದು ನಮಗೂ ಅನ್ವಯ. ಮೊದಲ ಉಪಕುಲಪತಿ ಹೆಸರು ಎಲ್ಲ ಮಕ್ಕಳಿಗೂ ಕಲಿಸ್ತೀವಿ. ಪದವಿ ಪಡೆದ ಮೊದಲ ಹೊಲೆಯರ ಹುಡುಗ, ಮೊದಲ ಮಾದಿಗರ ಹುಡುಗಿ ಯಾರು ಅಂತಾನೂ ಕಲಿಸಲಿ.

ಎರಡು, ಖಜಾನೆಯ ದುಡ್ಡಿನ ಜಾಡು ಹಿಡೀಲಿ. ಕೋಲಾರದ ರಾಜಧನ, ಕಂದಾಯ, ಎಲ್ಲಾ. ಆ ಗಣಿ ಕಾರ್ಮಿಕರ ಮಕ್ಕಳಿಗೆ ಈ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಗೆ ಒಂದಿಷ್ಟು ಶಿಷ್ಯವೇತನ ಇಟ್ಟರೆ ಅದು ದಾನ ಅಲ್ಲ, ಬಾಕಿ.

ಮೂರು, ಈ ನಾಡಿನ ಯಾವುದೇ ಸಂಸ್ಥೆಯ ಕಪಾಟಿನಲ್ಲಿರಲಿ, ಟೇಪುಗಳಲ್ಲಿ ಹಾಡಿರೋ ನೀಲಗಾರರು, ದೇವರಗುಡ್ಡರು, ತಂಬೂರಿಯವರ ಹೆಸರು, ಊರು ಪಟ್ಟಿ ಮಾಡಿ, ಆ ದನಿಯ ಒಂದು ಪ್ರತಿ ಅವರ ಮನೆಯೋರಿಗೆ ಕೊಡಲಿ. ಫೋನಿಗೆ ಹಾಕ್ಕೊಂಡು ಕೇಳ್ತೀವಿ. ನಮ್ಮಪ್ಪ ಸಾಯೋಕೆ ಮುಂಚೆ ಅವರಪ್ಪನ ದನಿ ಒಂದ್ಸಲ ಕೇಳಬೇಕು ಅಂದಿದ್ದರು. ಆಗಲಿಲ್ಲ.

ನಾಲ್ಕು, ಖಾಲಿ ಬಿದ್ದಿರೋ ಬ್ಯಾಕ್‌ಲಾಗ್ ಹುದ್ದೆಗಳ ಲೆಕ್ಕ. ಇದು ಇತಿಹಾಸ ಅಲ್ಲ, ಇವತ್ತಿನದು. ಎಲ್ಲ ವಿಶ್ವವಿದ್ಯಾಲಯಗಳೂ ಗೋಡೆ ಮೇಲೆ ಬರೆದು ಹಾಕಲಿ.

"ಆ ಕಾಲ ಹಂಗಿತ್ತು ಬಿಡ್ರಿ" ಅನ್ನೋರಿಗೆ ಒಂದು ಮಾತು. ಆ ಕಾಲದಲ್ಲೇ ಅಂಬೇಡ್ಕರ್ ಇದ್ದರು. ಆ ಕಾಲದಲ್ಲೇ ಮೈಸೂರಿನ ತಲಕಾಡು ರಂಗೇಗೌಡರು, ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ನಮ್ಮ ಮಕ್ಕಳ ಓದಿಗೆ ದುಡಿದರು. ಅದು ತಪ್ಪು ಅಂತ ಆ ಕಾಲಕ್ಕೂ ಗೊತ್ತಿತ್ತು.

ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಗಂಡಭೇರುಂಡ ಇದೆ, ಜೊತೆಗೆ ಜ್ಞಾನಕ್ಕೆ ಸಮ ಯಾವುದೂ ಇಲ್ಲ ಅನ್ನೋ ಅರ್ಥದ ಸಂಸ್ಕೃತದ ಮಾತಿದೆ. ಸತ್ಯವನ್ನೇ ಎತ್ತಿಹಿಡಿಯುತ್ತೇನೆ ಅಂತಾನೂ ಇದೆ. ಆ ಎರಡನೇ ಮಾತನ್ನ ಉಳಿಸಿಕೊಳ್ಳಿ ಅಂತ ಕೇಳ್ತಿದ್ದೀವಿ, ಅಷ್ಟೇ.

ಅವತ್ತು ಸಂಜೆ ನಾನೂ ಅಕ್ಕನ ಮಗಳೂ ಹುಣಸೂರು ರಸ್ತೆ ದಾಟಿ ಕುಕ್ಕರಹಳ್ಳಿ ಕೆರೆ ತನಕ ನಡ್ಕೊಂಡು ಹೋದ್ವಿ. ದಾರೀಲಿ ಕೇಳಿದ್ಳು, "ಮುಂದಿನ ವರ್ಷಾನೂ ಇದೇ ವಿಷಯ ಕೊಟ್ರೆ ಏನ್ ಮಾಡ್ಲಿ ಮಾಮ?"

"ಅದೇ ಭಾಷಣ ಮಾಡವ್ವ" ಅಂದೆ. "ಆದ್ರೆ ಕೊನೆಯ ಎರಡು ನಿಮಿಷ ಇತ್ತಲ್ಲ, ಅದನ್ನ ಮೊದಲು ಹೇಳು. ಉಳಿದದ್ದು ಆಮೇಲೆ."

ಓದಿದೋರು, ನಿಮ್ಮ ಮನೆಯಿಂದ ಮೊದಲು ಕಾಲೇಜು ಮೆಟ್ಟಿಲು ಹತ್ತಿದೋರು ಯಾರು, ಯಾವ ವರ್ಷ, ಅಂತ ಕೆಳಗೆ ಬರೀರಿ. ಅವರು ಬರೆಯೋ ತನಕ ನಾವೇ ಪಟ್ಟಿ ಶುರು ಮಾಡೋಣ.

ಜೈ ಭೀಮ್.